ಹುಲ್ಲು ತೂಗುವ ಉದ್ಯೋಗ: ನವಾಹೋ ನಾಡಿನ ಮೇವುಭೂಮಿಯ ಲೆಕ್ಕ

ತೋಟದ ಫಸಲನ್ನು ತೂಗಿ ಬದುಕುವವರು ನಾವು. ಅಡಿಕೆಯಾಗಲಿ ಕಾಫಿಯಾಗಲಿ, ತಕ್ಕಡಿಗೆ ಬಂದ ಮೇಲೆಯೇ ಅದಕ್ಕೊಂದು ಲೆಕ್ಕ. ಆದರೆ ದನಕರು ಮೇಯುವ ಹುಲ್ಲನ್ನು ನಮ್ಮಲ್ಲಿ ತೂಗಿ ನೋಡಿದವರು ಇಲ್ಲವೆಂದೇ ಹೇಳಬೇಕು. ಬೇಣದ ಕರಡವನ್ನು ಹೊರೆಯಲ್ಲಿ ಎಣಿಸುತ್ತೇವೆ. ಗೋಮಾಳದ ಹುಲ್ಲಿಗಂತೂ ಕಣ್ಣಂದಾಜೂ ಇಲ್ಲ, ದನ ಸಂಜೆ ಹೊಟ್ಟೆ ತುಂಬಿಕೊಂಡು ಬಂದರೆ ಹುಲ್ಲಿದೆ, ಇಲ್ಲವಾದರೆ ಇಲ್ಲ. ಅಮೆರಿಕಾದಲ್ಲಿ ಈ ಹುಲ್ಲನ್ನು ಗ್ರಾಂ ಲೆಕ್ಕದಲ್ಲಿ ತೂಗುವುದೇ ಒಂದು ಸಂಬಳದ ಉದ್ಯೋಗವಾಗಿದೆ. 'ರೇಂಜ್‌ಲ್ಯಾಂಡ್ ಮ್ಯಾನೇಜ್‌ಮೆಂಟ್ ಟೆಕ್ನೀಷಿಯನ್' ಎಂದು ಅದರ ಹೆಸರು. ಸದಸ್ಯರ ಮಕ್ಕಳಲ್ಲಿ ಕೃಷಿಶಾಸ್ತ್ರ, ಅರಣ್ಯಶಾಸ್ತ್ರ ಓದುವವರು ಹೆಚ್ಚಾಗಿರುವುದರಿಂದ ಇಂಥ ಕೆಲಸಗಳ ಬಗ್ಗೆ ಕಚೇರಿಗೆ ಬಂದು ಕೇಳುವವರಿದ್ದಾರೆ. ಕೆಲಸ ಏನೆಂಬುದನ್ನು ತಿಳಿಸುವುದು ಕಷ್ಟವಲ್ಲ. ಆದರೆ ಆ ದೇಶದ ಬುಡಕಟ್ಟು ಜನರ ಭೂಮಿಯಲ್ಲಿ ಅದೇ ಕೆಲಸ ಮಾಡುವಾಗ ಎದುರಾಗುವ ತೊಡಕು ಬೇರೆ ಬಗೆಯದು. ಹುಲ್ಲಿನ ತೂಕ ಸರಿಯಿದ್ದರೆ ಸಾಲದು, ಆ ತೂಕವನ್ನು ಕುರಿ ಸಾಕುವವರು ನಂಬಬೇಕು. ನಂಬದಿರಲು ಅವರಿಗೆ ಕಾರಣವಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬಯಸುತ್ತೇವೆ.

ಮೊದಲು ಪದದ ಅರ್ಥ. 'ರೇಂಜ್' ಎಂದರೆ ಉಳದೆ, ಬಿತ್ತದೆ, ನೀರು ಕಟ್ಟದೆ ತಾನಾಗಿ ಹುಲ್ಲು, ಕುರುಚಲು ಗಿಡ ಬೆಳೆಯುವ, ಜಾನುವಾರು ಮೇಯುವ ವಿಶಾಲವಾದ ಭೂಮಿ. ನಮ್ಮ ಕಾವಲು, ಗೋಮಾಳ, ಬೇಣ ಇವೆಲ್ಲ ಸೇರಿದರೆ ಆ ಕಲ್ಪನೆಗೆ ಸಮೀಪ ಬರುತ್ತದೆ, ವಿಸ್ತಾರದಲ್ಲಿ ಮಾತ್ರ ಹೋಲಿಕೆಯಿಲ್ಲ. ಇಂಥ ಭೂಮಿಯ ಯೋಜನೆ ಮಾಡುವವನು ಪದವೀಧರನಾದ 'ಸ್ಪೆಷಲಿಸ್ಟ್'. ಅವನ ಕೈಕೆಳಗೆ ಹೊಲಕ್ಕೆ ಹೋಗಿ ಅಳೆದು, ಕತ್ತರಿಸಿ, ತೂಗಿ, ಬರೆದು ತರುವವನು ಟೆಕ್ನೀಷಿಯನ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬ ಅಮಲ್ದಾರ, ಇನ್ನೊಬ್ಬ ಶ್ಯಾನುಭೋಗ. ಶ್ಯಾನುಭೋಗನ ಪುಸ್ತಕ ತಪ್ಪಿದರೆ ಅಮಲ್ದಾರನ ಆಜ್ಞೆಯೂ ತಪ್ಪುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಉದಾಹರಣೆಗೆ ನವಾಹೋ ಜನರ ನಾಡನ್ನೇ ತೆಗೆದುಕೊಳ್ಳೋಣ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು 'ದಿನೆ', ಜನ ಎಂದರ್ಥ. ಅವರ ಮೀಸಲು ಪ್ರದೇಶ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಎಂಬ ಮೂರು ರಾಜ್ಯಗಳಲ್ಲಿ ಹರಡಿದೆ. ವಿಸ್ತೀರ್ಣ ಸುಮಾರು 27,000 ಚದರ ಮೈಲಿ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬಹುಪಾಲು ಎತ್ತರದ ಒಣ ಪ್ರಸ್ಥಭೂಮಿ. ಚಳಿಗಾಲದಲ್ಲಿ ಹಿಮ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆ. ಅದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಹೆಸರೊಂದೇ ಸಮಾನ. ಬಹುಭಾಗದಲ್ಲಿ ವರ್ಷಕ್ಕೆ 10 ಇಂಚಿನ ಆಸುಪಾಸು ಬಿದ್ದರೆ ಹೆಚ್ಚು. ನಮ್ಮ ಮಲೆನಾಡಿನಲ್ಲಿ ಜುಲೈ ತಿಂಗಳ ಒಂದು ಜೋರು ವಾರ ಅದನ್ನು ಮುಗಿಸಿಬಿಡುತ್ತದೆ. ಅಷ್ಟು ಮಳೆಗೆ ಬ್ಲೂ ಗ್ರಾಮಾ, ಗಲೇಟಾ, ಇಂಡಿಯನ್ ರೈಸ್‌ಗ್ರಾಸ್ ಮೊದಲಾದ ಗಟ್ಟಿಮುಟ್ಟಾದ ಹುಲ್ಲುಗಳು ಬುಡ ಬುಡವಾಗಿ ಬೆಳೆಯುತ್ತವೆ. ನಡುವೆ ಬರಿ ನೆಲ. ಕುರಿ ತಿನ್ನುವ ಸಾಲ್ಟ್‌ಬುಷ್ ಎಂಬ ಪೊದೆ ಇರುವಂತೆಯೇ, ಯಾವ ಪ್ರಾಣಿಯೂ ಇಷ್ಟಪಡದ ಸ್ನೇಕ್‌ವೀಡ್ ಎಂಬುದೂ ಇದೆ. ಹುಲ್ಲು ಸೋತಲ್ಲಿ ಇದು ಗೆಲ್ಲುತ್ತದೆ, ನಮ್ಮ ಲಂಟಾನ, ಯುಪಟೋರಿಯಂ ಇದ್ದ ಹಾಗೆ.

ಈ ಭೂಮಿ ನವಾಹೋ ಜನಾಂಗದ್ದಾದರೂ ಕಾನೂನಿನಲ್ಲಿ ಅದನ್ನು ಕೇಂದ್ರ ಸರ್ಕಾರ ಅವರ ಪರವಾಗಿ ನ್ಯಾಸದಂತೆ ಹಿಡಿದುಕೊಂಡಿದೆ. ಮೇಯಿಸುವವನಿಗೆ ಭೂಮಿಯ ಒಡೆತನವಿಲ್ಲ, ಇಂತಿಷ್ಟು ತಲೆ ಜಾನುವಾರು ಮೇಯಿಸಬಹುದೆಂಬ ಪರವಾನಗಿ ಇದೆ. ಸೊಪ್ಪಿನಬೆಟ್ಟದ ಸವಲತ್ತು ಅನುಭವಿಸುವ ಸದಸ್ಯರಿಗೆ ಈ ಸ್ಥಿತಿ ಹೊಸದೇನಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಬಾಗಾಯ್ತಿಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟಿದ್ದಾರೆ. ಸೊಪ್ಪು ನಮ್ಮದು, ನೆಲ ನಮ್ಮದಲ್ಲ.

ಟೆಕ್ನೀಷಿಯನ್ನನ ಮುಖ್ಯ ಕೆಲಸ ಮಳೆ ಮುಗಿದು ಹುಲ್ಲು ಬಲಿತಾಗ. ವಾಹನದಲ್ಲಿ ಮಣ್ಣುದಾರಿ ಹಿಡಿದು, ದಾರಿ ಮುಗಿದಲ್ಲಿಂದ ನಡೆದು, ನಕ್ಷೆಯಲ್ಲಿ ಗುರುತಿಸಿದ ಜಾಗಕ್ಕೆ ಹೋಗುತ್ತಾನೆ. ಅಲ್ಲಿ ಅಳತೆ ಪಟ್ಟಿಯನ್ನು ನೇರವಾಗಿ ಎಳೆದು, ಗೊತ್ತಾದ ಅಂತರಕ್ಕೊಮ್ಮೆ ಒಂದು ತೆಳ್ಳನೆಯ ಕಡ್ಡಿಯನ್ನು ನೆಟ್ಟಗೆ ಇಳಿಬಿಡುತ್ತಾನೆ. ಕಡ್ಡಿ ತಾಗಿದ್ದು ಹುಲ್ಲೋ, ಯಾವ ಹುಲ್ಲು, ಒಣ ತರಗೋ, ಕಲ್ಲೋ, ಬರಿ ಮಣ್ಣೋ ಎಂದು ಬರೆದುಕೊಳ್ಳುತ್ತಾನೆ. ನೂರು ಸಲ ಇಳಿಸಿದರಲ್ಲಿ ನಲವತ್ತು ಸಲ ಬರಿ ಮಣ್ಣು ತಾಗಿದರೆ ನೆಲದ ಶೇ. 40 ಬರಿದಾಗಿದೆ ಎಂದಾಯಿತು. ಇದರಲ್ಲಿ ಊಹೆಗೆ ಎಡೆಯಿಲ್ಲ, ಸೊಂಟ ನೋವಿಗೆ ಮಾತ್ರ ಇದೆ.

ನಂತರ ತೂಕ. 9.6 ಚದರ ಅಡಿ ವಿಸ್ತೀರ್ಣದ ಒಂದು ಬಳೆಯನ್ನು ನೆಲದ ಮೇಲಿಟ್ಟು, ಅದರೊಳಗೆ ಆ ವರ್ಷ ಬೆಳೆದ ಮೇವನ್ನು ಜಾತಿವಾರು ಕತ್ತರಿಸಿ ಕಾಗದದ ಚೀಲಗಳಿಗೆ ತುಂಬುತ್ತಾರೆ. ಒಣಗಿಸಿ ತೂಗುತ್ತಾರೆ. 9.6 ಎಂಬ ವಿಚಿತ್ರ ಸಂಖ್ಯೆ ಏಕೆಂದು ನಾವೂ ಲೆಕ್ಕ ಹಾಕಿ ನೋಡಿದೆವು. ಅಷ್ಟು ಜಾಗದಲ್ಲಿ ಬಂದ ಗ್ರಾಂ ತೂಕವನ್ನು ಹತ್ತರಿಂದ ಗುಣಿಸಿದರೆ ಎಕರೆಗೆ ಎಷ್ಟು ಪೌಂಡು ಎಂಬುದು ನೇರವಾಗಿ ಬರುತ್ತದೆ. ಬಿಸಿಲಲ್ಲಿ ನಿಂತು ಭಾಗಾಕಾರ ಮಾಡಬೇಕಾಗಿಲ್ಲ. ಅಳತೆಯ ಉಪಕರಣ ರೂಪಿಸಿದವರು ಬಳಸುವವನ ಮೇಲೆ ಇಷ್ಟು ಕನಿಕರ ತೋರಿದ್ದು ಮೆಚ್ಚಬೇಕಾದ್ದು.

ತೂಕ ಸಿಕ್ಕಿದ ಮೇಲೆ ಜಾನುವಾರಿನ ಲೆಕ್ಕ. ಒಂದು ಉದಾಹರಣೆ ನೋಡೋಣ. ಅಂಕಿಗಳು ತಿಳಿವಳಿಕೆಗೆ ಮಾತ್ರ. ಎಕರೆಗೆ 180 ಕಿಲೋ ಒಣಮೇವು ಬೆಳೆದಿದೆ ಎನ್ನಿ. ಅಷ್ಟನ್ನೂ ದನಕ್ಕೆ ಬಿಡುವಂತಿಲ್ಲ. ಅರ್ಧ ಭಾಗ ಗಿಡದಲ್ಲೇ ಉಳಿಯಬೇಕು. ಉಳಿದ ಅರ್ಧದಲ್ಲೂ ಸರಿಸುಮಾರು ಅರ್ಧ ತುಳಿತಕ್ಕೆ, ಕೀಟಕ್ಕೆ, ಜಿಂಕೆ ಮೊಲಗಳಿಗೆ ಹೋಗುತ್ತದೆ. ದನದ ಹೊಟ್ಟೆಗೆ ಸೇರುವುದು ಕಾಲು ಭಾಗ, ಅಂದರೆ 45 ಕಿಲೋ. ಕರು ಸಹಿತವಾದ ಒಂದು ಅಮೆರಿಕನ್ ಹಸುವಿಗೆ ದಿನಕ್ಕೆ ಸುಮಾರು 12 ಕಿಲೋ, ತಿಂಗಳಿಗೆ 360 ಕಿಲೋ ಒಣಮೇವು ಬೇಕು. ಹಾಗಾದರೆ ತಿಂಗಳಿಗೆ 8 ಎಕರೆ, ವರ್ಷಕ್ಕೆ 96 ಎಕರೆ. ಒಂದು ಹಸುವಿಗೆ ತೊಂಬತ್ತಾರು ಎಕರೆ! ನಾಲ್ಕೆಕರೆ ಅಡಿಕೆ ತೋಟದವನನ್ನು ಜಮೀನ್ದಾರನೆನ್ನುವ ನಮಗೆ ಇದು ಅಚ್ಚರಿಯೇ. ಆದರೆ ಆ ನಾಡಿನಲ್ಲಿ ಅದು ಬಡವನ ಹಸು.

ನವಾಹೋ ನಾಡಿನಲ್ಲಿ ಲೆಕ್ಕದ ಮಾನ ಹಸುವಲ್ಲ, ಕುರಿ. ಒಂದು ಕುರಿ ಅಥವಾ ಮೇಕೆ ಒಂದು 'ಕುರಿಮಾನ'. ಹಸು ನಾಲ್ಕು ಕುರಿಗೆ ಸಮ, ಕುದುರೆ ಐದಕ್ಕೆ. ಪರವಾನಗಿ ಚೀಟಿಯಲ್ಲಿ ಇಷ್ಟು ಕುರಿಮಾನ ಎಂದು ಬರೆದಿರುತ್ತದೆ. ಅದರೊಳಗೆ ಹಸು ಸಾಕುತ್ತೀರೋ ಕುದುರೆ ಸಾಕುತ್ತೀರೋ ನಿಮ್ಮ ಇಷ್ಟ. ನಿಯಮದ ಪ್ರಕಾರ ಒಬ್ಬರಿಗೆ 350 ಕುರಿಮಾನ ಮೀರುವಂತಿಲ್ಲ. ಬಹಳಷ್ಟು ಜನರ ಚೀಟಿಯಲ್ಲಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ.

ಅರ್ಧ ಉಳಿಸಬೇಕೆಂಬ ನಿಯಮ ಎಲ್ಲಿಂದ ಬಂತು ಎಂದು ಕೇಳಬಹುದು. ಕ್ರೈಡರ್ ಎಂಬ ವಿಜ್ಞಾನಿ ಹುಲ್ಲನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ, ಮಣ್ಣಿನೊಳಗೆ ಬೇರು ಏನು ಮಾಡುತ್ತದೆಂದು ಗಮನಿಸಿ 1955ರಲ್ಲಿ ಅಮೆರಿಕಾದ ಕೃಷಿ ಇಲಾಖೆಯ ಮೂಲಕ ಫಲಿತಾಂಶ ಪ್ರಕಟಿಸಿದರು. ಎಲೆಯಲ್ಲಿ ಶೇ. 40ರವರೆಗೆ ತೆಗೆದರೆ ಬೇರಿನ ಬೆಳವಣಿಗೆ ನಿಲ್ಲಲಿಲ್ಲ. ಶೇ. 80 ತೆಗೆದಾಗ ಸುಮಾರು 12 ದಿನ ಬೇರು ಬೆಳೆಯುವುದೇ ನಿಂತುಹೋಯಿತು. ಮೇಲೆ ಕಂಡದ್ದು ಎಲೆ ಹೋದದ್ದು, ಕಾಣದೆ ಹೋದದ್ದು ಬೇರು. ಬೇರು ಗಿಡ್ಡಾದ ಹುಲ್ಲಿಗೆ ಮುಂದಿನ ಬರಗಾಲದಲ್ಲಿ ಆಳದ ತೇವ ಸಿಗುವುದಿಲ್ಲ. ನೆರಳು ಮರ ಸವರುವಾಗ ಎಷ್ಟು ಕೊಂಬೆ ಬಿಡಬೇಕೆಂದು ನಾವು ಆಳಿಗೆ ಹೇಳುವುದೂ ಇಂಥದೇ ವಿಚಾರದಿಂದ. ಮರಕ್ಕಾದರೆ ನಾಲ್ಕು ವರ್ಷದ ನಂತರ ತಿಳಿಯುತ್ತದೆ, ಹುಲ್ಲಿಗೆ ಮರುವರ್ಷವೇ.

ದನ ಎಷ್ಟು ತಿಂದಿತೆಂದು ತಿಳಿಯಲು ಸುಲಭವಾದ ಉಪಾಯವಿದೆ. ಮೇವಿನ ಕಾಲಕ್ಕೆ ಮುಂಚೆ ಅಲ್ಲಲ್ಲಿ ತಂತಿಯ ಪಂಜರ ಮಗುಚಿ ಹಾಕಿ ನೆಲಕ್ಕೆ ಬಿಗಿಯುತ್ತಾರೆ. ಕೊನೆಗೆ ಪಂಜರದೊಳಗಿನ ಹುಲ್ಲನ್ನೂ ಹೊರಗಿನದನ್ನೂ ತೂಗಿ ಹೋಲಿಸುತ್ತಾರೆ. ಇದೇ ಎಲ್ಲಕ್ಕಿಂತ ಹೆಚ್ಚು ಮನವರಿಕೆ ಮಾಡಿಕೊಡುವ ಸಾಧನವೆಂದು ನಮ್ಮ ಅಭಿಪ್ರಾಯ. ಅಂಕಿ ಓದದವನಿಗೂ ಪಂಜರ ತೆಗೆದಾಗ ಕಾಣುತ್ತದೆ.

ಇನ್ನು ನೀರು. ಹುಲ್ಲಿದ್ದರೂ ನೀರಿಲ್ಲದ ಕಡೆ ದನ ಹೋಗುವುದಿಲ್ಲ. ನೀರಿನ ತೊಟ್ಟಿಯ ಸುತ್ತ ನೆಲ ಹೂಳೆದ್ದು ಧೂಳಾಗಿರುತ್ತದೆ, ಎರಡು ಮೈಲಿ ಆಚೆ ಹುಲ್ಲು ನಿಂತಲ್ಲೇ ಒಣಗುತ್ತದೆ. ಆದ್ದರಿಂದ ಸರಾಸರಿ ಹುಲ್ಲು ಸಾಕಷ್ಟಿದೆ ಎಂಬ ಲೆಕ್ಕ ಮೋಸ ಮಾಡಬಹುದು. ಗಾಳಿಯಂತ್ರದ ಬಾವಿ ನಡೆಯುತ್ತಿದೆಯೇ, ಮಣ್ಣಿನ ಕಟ್ಟೆಯಲ್ಲಿ ಹೂಳು ಎಷ್ಟು, ಬೇಲಿ ಎಲ್ಲಿ ಬಿದ್ದಿದೆ ಎಂಬುದನ್ನೂ ಟೆಕ್ನೀಷಿಯನ್ ಬರೆದುಕೊಳ್ಳುವುದು ಇದಕ್ಕಾಗಿಯೇ. 2018ರ ಮೇ ತಿಂಗಳಲ್ಲಿ ಅರಿಜೋನಾದ ಗ್ರೇ ಮೌಂಟನ್ ಎಂಬಲ್ಲಿ ಬತ್ತಿದ ಕಟ್ಟೆಯ ಕೆಸರಿನಲ್ಲಿ ಸಿಕ್ಕಿಕೊಂಡು ಸುಮಾರು 190 ಕುದುರೆಗಳು ಸತ್ತಿದ್ದವು. ಯಾರ ಚೀಟಿಯಲ್ಲೂ ಇಲ್ಲದೆ ಅಡ್ಡಾಡುವ ಕುದುರೆಗಳು ಅವು. ನೀರು ಹುಡುಕಿ ಬಂದು, ಬಾಯಾರಿಕೆಯಿಂದ ಸೋತು, ಕುತ್ತಿಗೆಯವರೆಗೆ ಹೂತುಹೋಗಿದ್ದವು. ಒಂದು ಕುದುರೆ ಐದು ಕುರಿಯ ಮೇವು ತಿನ್ನುತ್ತದೆಂಬ ಲೆಕ್ಕ ಗೊತ್ತಿದ್ದವರಿಗೂ ಆ ಚಿತ್ರ ನೋಡಲಾಗಲಿಲ್ಲ.

ಇಷ್ಟು ಕೆಲಸದ ವಿಷಯವಾಯಿತು. ಇದರಲ್ಲಿ ಜಗಳಕ್ಕೆ ಕಾರಣವೇನು? ಬಳೆ, ಕತ್ತರಿ, ತಕ್ಕಡಿ ಹಿಡಿದು ಬಂದವನನ್ನು ಕಂಡರೆ ನವಾಹೋ ಮುದುಕಿ ಏಕೆ ಮುಖ ಗಂಟು ಹಾಕಿಕೊಳ್ಳಬೇಕು? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1864ರಲ್ಲಿ ಅಮೆರಿಕಾದ ಸೇನೆ ನವಾಹೋಗಳ ಬೆಳೆ, ಹಣ್ಣಿನ ಮರ, ಕುರಿಮಂದೆಗಳನ್ನು ನಾಶಮಾಡಿ, ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೋದ ಬೋಸ್ಕ್ ರೆಡೊಂಡೋ ಎಂಬಲ್ಲಿ ಕೂಡಿಹಾಕಿತು. ಹಸಿವು ಕಾಯಿಲೆಗಳಲ್ಲಿ ಬಹಳ ಜನ ಸತ್ತರು. 1868ರಲ್ಲಿ ಒಡಂಬಡಿಕೆಯಾಗಿ ಅವರು ತಮ್ಮ ನಾಡಿಗೆ ಮರಳಿದರು. ಆ ಒಡಂಬಡಿಕೆಯಲ್ಲಿ 15,000 ಕುರಿ ಮೇಕೆಗಳನ್ನು ಕೊಡುವುದಾಗಿ ಸರ್ಕಾರ ಒಪ್ಪಿಕೊಂಡಿತ್ತು, ಮರುವರ್ಷ ಹಂಚಿತು. ಹಸಿದ ಜನ ಆ ಕುರಿಗಳನ್ನು ಕೊಯ್ದು ತಿನ್ನದೆ ಸಾಕಿ ಬೆಳೆಸಿದರು. 1930ರ ಹೊತ್ತಿಗೆ ಮಂದೆ ಐದು ಲಕ್ಷಕ್ಕೂ ಮೀರಿತ್ತು. ಕುರಿಯೆಂದರೆ ಅವರಿಗೆ ಮಾಂಸ, ಉಣ್ಣೆ, ಕಂಬಳಿ, ಮಗಳಿಗೆ ಕೊಡುವ ಆಸ್ತಿ, ಪೂಜೆಗೆ ಬಂದವರಿಗೆ ಊಟ. ಮನೆತನ ತಾಯಿಯ ಕಡೆಯಿಂದ ನಡೆಯುವ ಸಮಾಜವಾದ್ದರಿಂದ ಮಂದೆಯ ಬಹುಪಾಲು ಹೆಂಗಸರದ್ದು.

ಆ ಹೊತ್ತಿಗೆ ನೆಲ ಸವೆದಿತ್ತು ಎಂಬುದೂ ನಿಜ. ಕೊರಕಲುಗಳು ಆಳವಾಗುತ್ತಿದ್ದವು, ಮಣ್ಣು ಕೊಚ್ಚಿ ಹೊಳೆ ಸೇರುತ್ತಿತ್ತು. ಅದೇ ಕಾಲಕ್ಕೆ ಕೊಲರಾಡೋ ನದಿಗೆ ಹೂವರ್ ಅಣೆಕಟ್ಟು ಏಳುತ್ತಿತ್ತು. ನವಾಹೋ ನಾಡಿನ ಹೂಳು ಬಂದು ಜಲಾಶಯ ತುಂಬೀತೆಂಬ ಭಯ ದೂರದ ಕಚೇರಿಗಳನ್ನು ಹಿಡಿಯಿತು. 1933ರಲ್ಲಿ ಇಂಡಿಯನ್ ವ್ಯವಹಾರಗಳ ಕಮಿಷನರ್ ಆಗಿ ಬಂದ ಜಾನ್ ಕಾಲಿಯರ್ ಬುಡಕಟ್ಟು ಜನರ ಮೇಲೆ ಅಭಿಮಾನವಿದ್ದ ಮನುಷ್ಯ. ಅವರ ಸಂಸ್ಕೃತಿ ಉಳಿಯಬೇಕೆಂದು ವಾದಿಸಿದವರು. ಜಾನುವಾರು ಕಡಿತದ ಕಾರ್ಯಕ್ರಮ ನಡೆದದ್ದು ಅವರ ಕಾಲದಲ್ಲೇ.

ಮೊದಲ ಸುತ್ತಿನಲ್ಲಿ ಎಲ್ಲರಿಂದಲೂ ಒಂದೇ ಪ್ರಮಾಣದಲ್ಲಿ ಕುರಿ ಕೊಂಡರು. ಸಾವಿರ ಕುರಿಯವನು ಮುದಿಯಾದವನ್ನು ಆರಿಸಿ ಕೊಟ್ಟು ಮಂದೆಯನ್ನು ಇನ್ನಷ್ಟು ಚೊಕ್ಕ ಮಾಡಿಕೊಂಡ. ಐವತ್ತು ಕುರಿಯವಳು ಮರಿ ಹಾಕುವ ಕುರಿಯನ್ನೇ ಕೊಡಬೇಕಾಯಿತು. ಮುಂದೆ 1934ರಲ್ಲಿ ಮೇಕೆಗಳ ಸರದಿ. ಮೇಕೆ ಬಡವರ ಹಾಲು, ಬಡವರ ಮಾಂಸ. ಕೊಂಡ ಮೇಕೆಗಳನ್ನು ರೈಲು ನಿಲ್ದಾಣದವರೆಗೆ ಸಾಗಿಸುವುದು ಸಾಧ್ಯವಾಗದ ಕಡೆ ಗುಂಡಿಟ್ಟು ಕೊಂದು ಅಲ್ಲೇ ಬಿಟ್ಟರು. ತಾವು ಹೆಸರಿಟ್ಟು ಸಾಕಿದ ಪ್ರಾಣಿಗಳು ಕಣಿವೆಯಲ್ಲಿ ರಾಶಿಯಾಗಿ ಕೊಳೆತದ್ದನ್ನು ಕಂಡವರು ತಮ್ಮ ಮೊಮ್ಮಕ್ಕಳಿಗೆ ಅದನ್ನು ಹೇಳಿದರು. ನಂತರ ನಾಡನ್ನು ಮೇವಿನ ಜಿಲ್ಲೆಗಳಾಗಿ ವಿಂಗಡಿಸಿ, ಹುಲ್ಲಿನ ಸಮೀಕ್ಷೆ ಮಾಡಿ, 1937ರ ಜಾನುವಾರು ಎಣಿಕೆಯ ಆಧಾರದ ಮೇಲೆ ಪರವಾನಗಿ ಚೀಟಿ ಕೊಟ್ಟರು. ಚೀಟಿ ಮೀರಿದ ಕುರಿ ಕೊಡದವರಲ್ಲಿ ಕೆಲವರು ಸೆರೆಮನೆ ಕಂಡರು. ಬುಡಕಟ್ಟುಗಳಿಗೆ ಹೆಚ್ಚಿನ ಸ್ವಯಮಾಡಳಿತ ಕೊಡುವ ಕಾಲಿಯರರ ಕಾನೂನನ್ನು 1935ರ ಮತದಾನದಲ್ಲಿ ನವಾಹೋಗಳು ತಿರಸ್ಕರಿಸಿದರು. ಕಾನೂನಿನಲ್ಲಿ ದೋಷ ಕಂಡದ್ದಕ್ಕಿಂತ ಕುರಿಯ ಕೋಪವೇ ಅದರಲ್ಲಿ ಹೆಚ್ಚು ಕೆಲಸ ಮಾಡಿತು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಬೇಕು. ಹುಲ್ಲು ಕಡಿಮೆಯಾಗಿತ್ತು, ಮಂದೆ ಹೆಚ್ಚಾಗಿತ್ತು. ಅಳೆದವರು ಸುಳ್ಳು ಹೇಳಲಿಲ್ಲ. ಕೊರಕಲು ಬೀಳುವುದರಲ್ಲಿ ಮಳೆಯ ಏರಿಳಿತದ ಪಾಲೂ ಇತ್ತೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ, ಆದರೂ ಭೂಮಿಗೆ ಭಾರ ಹೆಚ್ಚಾಗಿತ್ತೆಂಬುದನ್ನು ಹೆಚ್ಚಿನವರು ಅಲ್ಲಗಳೆಯುವುದಿಲ್ಲ. ಆದರೆ ಮಂದೆಯ ಒಡತಿಯರನ್ನು ಯಾರೂ ಕೇಳಲಿಲ್ಲ. ಮಾತುಕತೆ ನಡೆದದ್ದು ಗಂಡಸರೇ ತುಂಬಿದ್ದ ಕೌನ್ಸಿಲಿನೊಂದಿಗೆ. ಬೆಳೆ ಅಂದಾಜು ಹೊರಬಿದ್ದಾಗ "ಯಾರ ತೋಟ ನೋಡಿ ಹೇಳಿದರಂತೆ?" ಎಂದು ನಾವು ಕೇಳುತ್ತೇವಲ್ಲ, ಆ ಪ್ರಶ್ನೆ ಕೇಳುವ ಅವಕಾಶವೂ ಅವರಿಗೆ ಸಿಗಲಿಲ್ಲ. ಲೆಕ್ಕ ಕೊನೆಗೆ ಬಂದೂಕಿನ ರೂಪದಲ್ಲಿ ಬಾಗಿಲಿಗೆ ಬಂತು.

ಅಂಕಿಯ ದೃಷ್ಟಿಯಿಂದ ನೋಡಿದವರಿಗೆ ತಪ್ಪಿಹೋದ ಇನ್ನೊಂದು ವಿಷಯವಿದೆ. ನವಾಹೋಗಳ ಹಳೆಯ ಕುರಿ ತಳಿ ಚುರ್ರೋ. ಸಣ್ಣ ಮೈ, ಕಡಿಮೆ ಮಾಂಸ, ಒರಟು ಉಣ್ಣೆ. ಮಾರುಕಟ್ಟೆಯ ಕಣ್ಣಿಗೆ ಕೀಳು ತಳಿ. ಆದರೆ ಅದರ ನೀಳವಾದ, ಜಿಡ್ಡು ಕಡಿಮೆಯಾದ ಎಳೆ ನೀರಿನ ಬರವಿರುವ ನಾಡಿನಲ್ಲಿ ಹೆಚ್ಚು ತೊಳೆಯದೆ ನೂಲುವುದಕ್ಕೆ ಒದಗುತ್ತಿತ್ತು, ಒಣ ನೆಲದಲ್ಲಿ ಬದುಕುವುದೂ ಅದಕ್ಕೆ ಗೊತ್ತಿತ್ತು. ತಳಿ ಸುಧಾರಣೆ ಮತ್ತು ಕಡಿತಗಳ ನಡುವೆ 1970ರ ದಶಕದ ಹೊತ್ತಿಗೆ ಐನೂರಕ್ಕೂ ಕಡಿಮೆ ಉಳಿದವು. 1977ರಲ್ಲಿ ಪ್ರಾಧ್ಯಾಪಕ ಲೈಲ್ ಮ್ಯಾಕ್‌ನೀಲ್ ಒಳನಾಡಿನ ಕಣಿವೆಗಳಲ್ಲಿ ಹುಡುಕಿ ಆ ತಳಿಯನ್ನು ಮತ್ತೆ ಬೆಳೆಸುವ ಕೆಲಸ ಆರಂಭಿಸಿದರು. ಮಲೆನಾಡು ಗಿಡ್ಡವನ್ನು ಕೊಟ್ಟಿಗೆಯಿಂದ ಕಳಿಸಿ ಈಗ ಹುಡುಕುತ್ತಿರುವ ಸದಸ್ಯರು ಇದನ್ನು ಓದಿ ನಕ್ಕಾರು.

ಇಂದಿಗೂ ಈ ನೆನಪಿನ ನೆರಳಿನಲ್ಲೇ ಟೆಕ್ನೀಷಿಯನ್ ಕೆಲಸ ಮಾಡುತ್ತಾನೆ. ಅವನ ವರದಿಯಲ್ಲಿ "ಸಾಮರ್ಥ್ಯಕ್ಕಿಂತ ಹೆಚ್ಚು ಮೇಯಿಸಲಾಗಿದೆ" ಎಂಬ ಒಂದು ಸಾಲಿದ್ದರೆ ಕೇಳುವವರ ಕಿವಿಗೆ ಬೀಳುವುದು "ಮತ್ತೆ ಕಡಿತ" ಎಂಬುದೇ. 1974ರ ಕಾನೂನಿನಂತೆ ಹೋಪಿ ಮತ್ತು ನವಾಹೋಗಳು ಜಂಟಿಯಾಗಿ ಬಳಸುತ್ತಿದ್ದ ಭೂಮಿಯನ್ನು ಪಾಲು ಮಾಡಿದಾಗ ಅಲ್ಲಿ ಮತ್ತೊಮ್ಮೆ ದೊಡ್ಡ ಕಡಿತವಾದದ್ದು ಹಳೆಯ ಗಾಯವನ್ನು ಕೆದಕಿತು. ಆದ್ದರಿಂದ ಹೆಚ್ಚು ಮೇಯಿಸಿದ್ದು ಗೊತ್ತಿದ್ದರೂ ಕ್ರಮ ಕೈಗೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಇನ್ನೊಂದು ಕಡೆ 2000ದ ನಂತರ ಬರಗಾಲ ಬೆನ್ನು ಬಿಟ್ಟಿಲ್ಲ. ನಾಡಿನ ಸುಮಾರು ಮೂರನೇ ಒಂದು ಪಾಲಿನಲ್ಲಿರುವ ಮರಳು ದಿಬ್ಬಗಳನ್ನು ಹಿಡಿದಿಟ್ಟಿರುವುದು ಈ ಹುಲ್ಲೇ. ಹುಲ್ಲು ಸತ್ತಲ್ಲಿ ದಿಬ್ಬಗಳು ಚಲಿಸಿ ರಸ್ತೆ, ಮನೆಗಳ ಮೇಲೆ ಬರುತ್ತಿವೆ. ಅಳೆಯದೆ ಬಿಟ್ಟರೆ ಭೂಮಿ ಹೋಗುತ್ತದೆ, ಅಳೆದರೆ ಜನರ ಮನಸ್ಸು ಹೋಗುತ್ತದೆ. ಈ ಇಕ್ಕಟ್ಟು ಅವನ ಸಂಬಳದ ಪಟ್ಟಿಯಲ್ಲಿ ಬರೆದಿಲ್ಲ.

ಆದರೆ ವ್ಯವಸ್ಥೆ 1930ರ ದಶಕದಲ್ಲಿದ್ದಂತೆ ಇಲ್ಲ. ನವಾಹೋ ನಾಡಿನಲ್ಲಿ 110 'ಚಾಪ್ಟರ್'ಗಳಿವೆ, ನಮ್ಮ ಗ್ರಾಮ ಪಂಚಾಯಿತಿ ಇದ್ದಂತೆ. ಅಲ್ಲಿಂದ ಜನರೇ ಆರಿಸಿದ ಮೇವಿನ ಅಧಿಕಾರಿ ಇರುತ್ತಾನೆ. ಅವರೆಲ್ಲ ಸೇರಿ ಜಿಲ್ಲೆಯ ಮೇವು ಸಮಿತಿ. ತಲೆ ಎಣಿಕೆ, ಗಡಿ ತಂಟೆ, ಯಾರ ದನ ಯಾರ ಕಡೆ ಬಂತೆಂಬ ಜಗಳ ಮೊದಲು ಇವರ ಮುಂದೆ. 1975ರ ಸ್ವಯಂನಿರ್ಧಾರ ಕಾನೂನಿನಂತೆ ಕೇಂದ್ರದ ಕಾರ್ಯಕ್ರಮಗಳನ್ನು ಬುಡಕಟ್ಟುಗಳು ತಾವೇ ಗುತ್ತಿಗೆ ಪಡೆದು ನಡೆಸಬಹುದು. ಬುಡಕಟ್ಟುಗಳು ತಮ್ಮ ಭೂಮಿಗೆ ತಮ್ಮದೇ ಕೃಷಿ ಯೋಜನೆ ರೂಪಿಸುವ ದಾರಿಯನ್ನು 1993ರ ಇನ್ನೊಂದು ಕಾನೂನು ತೆರೆಯಿತು. ಹೀಗಾಗಿ ಅಳೆಯಲು ಬರುವವನು ಬ್ಯೂರೋದ ನೌಕರನೂ ಆಗಿರಬಹುದು, ಬುಡಕಟ್ಟು ಸರ್ಕಾರದವನೂ ಆಗಿರಬಹುದು, ಪಕ್ಕದ ಚಾಪ್ಟರಿನ ಹುಡುಗಿಯೂ ಆಗಿರಬಹುದು.

ಚೀಟಿಯ ವಾರಸುದಾರಿಕೆ ಮಾತ್ರ ಬಗೆಹರಿಯದ ಗಂಟು. ಅಜ್ಜಿಗೆ ಕೊಟ್ಟ ಚೀಟಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಳಾಗಿ, ಇಪ್ಪತ್ತೋ ಹತ್ತೋ ಕುರಿಮಾನಕ್ಕೆ ಇಳಿಯುತ್ತದೆ. ಎರಡು ಹಸು, ಒಂದು ಕುದುರೆ ಅಷ್ಟೇ. ಪಾಲು ತೀರ್ಮಾನವಾಗದೆ ಸತ್ತವರ ಹೆಸರಿನಲ್ಲೇ ಉಳಿಯುವುದೂ ಉಂಟು. ಅಷ್ಟು ಚಿಕ್ಕ ಚೀಟಿಯನ್ನೂ ಯಾರೂ ಬಿಡರು. ಏಕೆಂದರೆ ಆ ಸುತ್ತಿನಲ್ಲಿ ಹೊಸದಾಗಿ ಮನೆ ಕಟ್ಟುವವನು ಚೀಟಿದಾರರ ಒಪ್ಪಿಗೆ ತರಬೇಕು. ಮೇವಿನ ಚೀಟಿ ಹೀಗೆ ನೆಲದ ಮೇಲಿನ ಹಿಡಿತವೂ ಆಗಿದೆ. ಪಹಣಿ, ಪಾಲುಪಟ್ಟಿಗಳ ನಡುವೆ ಕೂದಲು ಹಣ್ಣಾಗಿಸಿಕೊಂಡ ನಮಗೆ ಇದನ್ನು ಓದುವಾಗ ಊರಿನಲ್ಲೇ ಕುಳಿತಂತೆ ಆಯಿತು.

ಉತ್ತರದ ಬಯಲು ಪ್ರದೇಶದ ಬುಡಕಟ್ಟುಗಳಲ್ಲಿ ತೊಡಕು ಬೇರೆ. 1887ರ ಡಾಸ್ ಕಾನೂನು ಅವರ ಸಾಮೂಹಿಕ ಭೂಮಿಯನ್ನು ತಲೆಗಿಷ್ಟೆಂದು ಹಂಚಿತು. ಮೂರು ನಾಲ್ಕು ತಲೆಮಾರು ಕಳೆದು, ಒಂದೇ ತುಂಡಿಗೆ ನೂರಾರು ಜನ ಅವಿಭಕ್ತ ಹಕ್ಕುದಾರರಾದರು. ಮೇವಿನ ಗುತ್ತಿಗೆಗೆ ಒಪ್ಪಿಗೆ ಪಡೆಯಲು ಅವರನ್ನೆಲ್ಲ ಎಲ್ಲಿ ಹುಡುಕುವುದು? ಇವರ ಹಣದ ಲೆಕ್ಕವನ್ನು ಸರ್ಕಾರ ಸರಿಯಾಗಿ ಇಟ್ಟಿಲ್ಲವೆಂದು ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೂಯಿಸ್ ಕೊಬೆಲ್ ಎಂಬ ಮಹಿಳೆ 1996ರಲ್ಲಿ ದಾವೆ ಹೂಡಿದರು. 2009ರಲ್ಲಿ ರಾಜಿಯಾದಾಗ ಅದರ ಮೊತ್ತ 340 ಕೋಟಿ ಡಾಲರ್. ಅದರಲ್ಲಿ 190 ಕೋಟಿಯನ್ನು ಇಂಥ ಚೂರುಪಾರು ಹಕ್ಕುಗಳನ್ನು ಕೊಂಡು ಬುಡಕಟ್ಟುಗಳಿಗೇ ಹಿಂದಿರುಗಿಸಲು ಇಟ್ಟರು. ಆ ಕಾರ್ಯಕ್ರಮ 2022ರಲ್ಲಿ ಮುಗಿಯಿತು. ಇದೇ ಒಂದು ದೊಡ್ಡ ಲೇಖನಕ್ಕಾಗುವ ವಿಷಯ, ಇಲ್ಲಿಗೆ ಬಿಡುತ್ತೇವೆ.

ಕೇಳಿದ ತರುಣರಿಗೆ ಒಂದು ಮಾತು. ಬ್ಯೂರೋದ ಈ ಹುದ್ದೆ ನಮ್ಮವರಿಗೆ ಸಿಗುವಂಥದಲ್ಲ. ಅಲ್ಲಿನ ಪೌರತ್ವ ಬೇಕು, ಜೊತೆಗೆ ಬುಡಕಟ್ಟಿನವರಿಗೆ ಮೊದಲ ಆದ್ಯತೆಯೆಂದು 1934ರಿಂದ ಕಾನೂನಿದೆ. 1974ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಅದು ನ್ಯಾಯವೇ ಎನ್ನಬೇಕು. ಕುರಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆಂದು ತಿಳಿಯದವನು ಅವರ ಕುರಿ ಎಣಿಸಲು ಹೋಗಬಾರದು. ಹುಲ್ಲು ಕತ್ತರಿಸುವ ದಿನ ಚೀಟಿದಾರಳನ್ನೇ ಕರೆದುಕೊಂಡು ಹೋಗಿ, ಬಳೆ ಎಲ್ಲಿಡಬೇಕೆಂದು ಅವಳ ಎದುರಿಗೇ ಗೊತ್ತುಮಾಡಿ, ಅವಳ ಕಣ್ಣೆದುರೇ ತೂಗುವವನ ವರದಿಗೆ ಬೆಲೆ ಬಂದೀತು. ಕಚೇರಿಯಲ್ಲಿ ಕುಳಿತು ಉಪಗ್ರಹದ ಚಿತ್ರ ನೋಡಿ ಹೇಳಿದ ಅಂಕಿ ಇನ್ನಷ್ಟು ನಿಖರವಾಗಿದ್ದರೂ ಅಷ್ಟು ದೂರ ನಡೆಯಲಾರದು.

ಕೊನೆಗೆ, ತಮ್ಮ ಬೇಣದ ಹುಲ್ಲನ್ನು ಒಮ್ಮೆ ತೂಗಿ ನೋಡಬಯಸುವ ಸದಸ್ಯರಿಗೆ. 3 ಮೀಟರ್ 54 ಸೆಂಟಿಮೀಟರ್ ಉದ್ದದ ದಪ್ಪ ತಂತಿಯನ್ನು ಬಳೆ ಮಾಡಿದರೆ ಅದರೊಳಗೆ ಸರಿಯಾಗಿ ಒಂದು ಚದರ ಮೀಟರ್ ನೆಲ ಸಿಗುತ್ತದೆ. ಬಳೆಯನ್ನು ಎಸೆಯಬೇಡಿ, ಹುಲ್ಲು ಚೆನ್ನಾಗಿರುವ ಕಡೆಗೇ ಎಸೆಯುವುದು ಮನುಷ್ಯ ಸ್ವಭಾವ. ನೇರವಾಗಿ ಇಪ್ಪತ್ತು ಹೆಜ್ಜೆ ನಡೆದು ಕಾಲು ನಿಂತಲ್ಲಿ ಇಡಿ. ಹೀಗೆ ಹತ್ತು ಕಡೆ ಕತ್ತರಿಸಿ, ನೆರಳಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. ಸರಾಸರಿ ಗ್ರಾಂ ತೂಕವನ್ನು ನಾಲ್ಕರಿಂದ ಗುಣಿಸಿದರೆ ಎಕರೆಗೆ ಇಷ್ಟು ಕಿಲೋ ಎಂದು ಬರುತ್ತದೆ. 150 ಗ್ರಾಂ ಬಂದರೆ ಎಕರೆಗೆ 600 ಕಿಲೋ. ಕಾಲು ಭಾಗ 150 ಕಿಲೋ. ದಿನಕ್ಕೆ ಸುಮಾರು 3 ಕಿಲೋ ಒಣಮೇವು ತಿನ್ನುವ ಒಂದು ಗಿಡ್ಡ ಹಸುವಿಗೆ 50 ದಿನ. ಅಕ್ಟೋಬರ್ ಕೊನೆಯಲ್ಲಿ ಹುಲ್ಲು ತೆನೆ ಬಿಟ್ಟಾಗ, ಕಾಫಿ ಕೊಯ್ಲಿಗೆ ಆಳು ಹುಡುಕುವ ಗಡಿಬಿಡಿ ಶುರುವಾಗುವ ಮುನ್ನ ಮಾಡಿದರೆ ಅನುಕೂಲ. ಅಡಿಕೆ ಮಾದರಿ ತೂಗುವ ಚಿಕ್ಕ ತಕ್ಕಡಿ ಸಂಘದ ಕಚೇರಿಯಲ್ಲಿದೆ. ಕಾಗದದ ಚೀಲದ ಮೇಲೆ ಹೆಸರು, ಊರು, ಕತ್ತರಿಸಿದ ತಾರೀಖು ಬರೆದು ತಂದರೆ ನಿಮ್ಮೆದುರಿಗೇ ತೂಗಿ ಕೊಡುತ್ತೇವೆ.